ಮೋಟಾರು ಗಾಡಿಯ ಮುಂಗಾಜಿಗೆ ನೀರು ಚಿಮ್ಮಿಸುವ ಪಂಪು

ಮೋಟಾರು ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರು ಅದರ ಎಂಜಿನು, ಗಾಲಿ, ಬ್ರೇಕುಗಳ ವಿಷಯದಲ್ಲಿ ವಹಿಸುವಷ್ಟು ಎಚ್ಚರಿಕೆಯನ್ನು ಮುಂಗಾಜಿಗೆ ನೀರು ಚಿಮ್ಮಿಸುವ ಪುಟ್ಟ ಪಂಪಿನ ವಿಷಯದಲ್ಲಿ ವಹಿಸುವುದು ವಿರಳ. ನಮ್ಮ ಕಣ್ಣಿಗೆ ರೆಪ್ಪೆಯೊಂದೇ ಸಾಲದು; ಅಶ್ರುಜಲವೂ ಬೇಕು. ಅಂತೆಯೇ ನೀರಿಲ್ಲದೆ ವೈಪರು ಮಾತ್ರ ಆಡಿದರೆ ಮರಳಿನ ಕಣಗಳು ಗಾಜನ್ನು ಗೀಚುವುವು. ಕೆಸರು ತೊಳೆದು ಹೋಗುವುದಕ್ಕೆ ಬದಲಾಗಿ ಗಾಜಿನ ಮೇಲೆಲ್ಲ ಹರಡಿ ಮಬ್ಬು ಕವಿಯುವುದು.

ಇದರ ಅಪಾಯವನ್ನು ಸುಲಭವಾದ ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ 60 ಕಿಲೋಮೀಟರು ವೇಗದಿಂದ ಹೋಗುವ ಗಾಡಿಯು ಸೆಕೆಂಡಿಗೆ ಸುಮಾರು 17 ಮೀಟರು ಸಾಗುವುದು. ಮಳೆಗಾಲದಲ್ಲಿ ಹಾಸನ–ಮಂಗಳೂರು ಹೆದ್ದಾರಿಯಲ್ಲಿ ಎದುರಿನ ಲಾರಿಯು ಕೆಸರೆರಚಿ ಮೂರು ಸೆಕೆಂಡು ದಾರಿ ಕಾಣದಂತಾದರೆ, ಚಾಲಕನು 50 ಮೀಟರು ದೂರವನ್ನು ಕಣ್ಣು ಮುಚ್ಚಿಕೊಂಡೇ ಕ್ರಮಿಸಿದ ಹಾಗಾಯಿತು.

ನೀರು ಚಿಮ್ಮದಿದ್ದೊಡನೆ ಹೊಸ ಪಂಪು ಕೊಂಡು ತರುವುದು ವಿವೇಕವಲ್ಲ. ನಮ್ಮ ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಅನಂತರ. ಪ್ರಥಮತಃ ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡತಕ್ಕದ್ದು. ಬಳಿಕ ಎಂಜಿನು ನಡೆಸದೆ ಕೀಲಿಯನ್ನು ಮಾತ್ರ ತಿರುಗಿಸಿ, ಮನೆಯವರೊಬ್ಬರಿಗೆ ನೀರಿನ ಸನ್ನೆಯನ್ನು ಎಳೆಯಹೇಳಿ, ತಾವು ಬಾನೆಟ್ಟಿನ ಬಳಿ ನಿಂತು ಕಿವಿಗೊಡಬೇಕು. ತಾರ್ಕಿಕರು ಶಬ್ದವನ್ನು ಪ್ರಮಾಣಗಳಲ್ಲಿ ಒಂದಾಗಿ ಎಣಿಸುವರು. ಅವರ ಅರ್ಥ ಬೇರೆ, ಇಲ್ಲಿ ಧ್ವನಿಯೇ ಪ್ರಮಾಣ. ಗುಂಯ್ ಎಂಬ ಸದ್ದು ಕೇಳಿಸಿಯೂ ನೀರು ಬಾರದಿದ್ದರೆ ಪಂಪಿನ ಮೋಟಾರಿಗೆ ಜೀವವಿದೆ. ಬಹುಶಃ ಕೊಳವೆ ಕಳಚಿರುವುದು, ಇಲ್ಲವೇ ನೀರು ಚಿಮ್ಮುವ ರಂಧ್ರವು ಕಟ್ಟಿರುವುದು. ರಂಧ್ರವನ್ನು ಸಣ್ಣ ಗುಂಡುಸೂಜಿಯಿಂದ ಮೆಲ್ಲಗೆ ಬಿಡಿಸಬಹುದು.

ಸದ್ದೇ ಇಲ್ಲದಿದ್ದರೆ ಫ್ಯೂಸನ್ನು ಪರೀಕ್ಷಿಸತಕ್ಕದ್ದು. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಹೆಚ್ಚಿನದನ್ನು ಹಾಕಿದರೆ ತಂತಿಯೇ ಬೆಂದೀತು. ಫ್ಯೂಸು ಸರಿಯಾಗಿದ್ದರೆ ಪಂಪಿಗೆ ಬರುವ ತಂತಿಯ ತುದಿಯಲ್ಲಿ, ಸನ್ನೆಯನ್ನು ಎಳೆದಾಗ, ಮೀಟರಿನಿಂದ ಅಳೆಯಬೇಕು. ಸುಮಾರು 12 ವೋಲ್ಟು ಬಂದೂ ಪಂಪು ಮೌನವಾಗಿದ್ದರೆ ಮಾತ್ರ ಅದು ಕೆಟ್ಟಿದೆಯೆಂದು ನಿಶ್ಚಯಿಸಬಹುದು.

ಇನ್ನು ಬದಲಾಯಿಸುವ ಕ್ರಮ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನು ಆರಿದ ಮೇಲೆ ಕೀಲಿಯನ್ನು ತೆಗೆದು, ಬ್ಯಾಟರಿಯ ಋಣಧ್ರುವದ ತಂತಿಯನ್ನು ಕಳಚತಕ್ಕದ್ದು. ಪಂಪು ಸಾಮಾನ್ಯವಾಗಿ ತೊಟ್ಟಿಯ ಕೆಳಭಾಗದಲ್ಲಿ ರಬ್ಬರು ಬುಶ್ಶೊಂದರಲ್ಲಿ ಕೂತಿರುವುದು. ತೊಟ್ಟಿಯು ಕೆಲವು ಗಾಡಿಗಳಲ್ಲಿ ಬಾನೆಟ್ಟಿನ ಕೆಳಗೇ ಕಾಣುವುದು. ಕೆಲವುಗಳಲ್ಲಿ ಮುಂಗಾಲಿಯ ಒಳಗಿನ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಅಡಗಿರುವುದು. ಗಾಲಿಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಹೊದಿಕೆಯ ಗುಬುಟುಗಳನ್ನು ಬಿಡಿಸಿದರೆ ಕೈ ತಲುಪುವುದು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ತೂರಕೂಡದು.

ಅಡಿಯಲ್ಲಿ ಬಕೆಟ್ಟನ್ನಿಟ್ಟು, ತಂತಿಯನ್ನೆಳೆಯದೆ ಅದರ ತುದಿಯ ಹಿಡಿಕೆಯನ್ನು ಒತ್ತಿ ಬಿಡಿಸಬೇಕು. ಕೊಳವೆಯು ಗಡುಸಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿದರೆ ಮೆತ್ತಗಾಗುವುದು. ಪಂಪಿನ ತಲೆಯನ್ನು ತೊಟ್ಟಿಯಿಂದ ಹೊರಕ್ಕೆ ಬಾಗಿಸಿ ಮೇಲಕ್ಕೆಳೆದರೆ ಅದು ಕಳಚಿ ಬರುವುದು. ಉಳಿದ ನೀರು ಬಕೆಟ್ಟಿಗೆ ಸುರಿಯುವುದು. ಈ ಸಮಯದಲ್ಲಿಯೇ ತೊಟ್ಟಿಯ ತಳದ ಕೆಸರನ್ನು ತೊಳೆಯಬೇಕು; ಅದನ್ನು ಬಿಟ್ಟರೆ ಹೊಸ ಪಂಪಿಗೂ ಹಳೆಯದರ ಗತಿಯೇ ಬಂದೀತು.

ಹಳೆಯ ಬುಶ್ಶನ್ನು ತೆಗೆದು ಹೊಸದನ್ನೇ ಹಾಕುವುದು ಉತ್ತಮ. ಅದನ್ನು ನೀರಿನಿಂದ ತೋಯಿಸಬಹುದು. ಗ್ರೀಸು, ಎಂಜಿನು ಎಣ್ಣೆಗಳನ್ನು ಸವರಕೂಡದು, ಅವು ರಬ್ಬರನ್ನು ಉಬ್ಬಿಸಿ ಕೆಡಿಸುವುವು. ಹಳೆಯ ಪಂಪಿಗೆ ಎರಡು ಕೊಳವೆಗಳಿದ್ದರೆ ಹೊಸದೂ ಅಂಥದೇ ಆಗಿರಬೇಕು. ಅದನ್ನು ಕೈಯಿಂದಲೇ ಒತ್ತಿ ಕೂರಿಸಿ, ಕೊಳವೆ ಮತ್ತು ತಂತಿಗಳನ್ನು ಜೋಡಿಸಿ, ತೊಟ್ಟಿಗೆ ನೀರು ತುಂಬಿ, ಸೋರುವುದೇನೋ ಎಂದು ಸ್ವಲ್ಪ ಹೊತ್ತು ಕಾದು ನೋಡಬೇಕು. ಬ್ಯಾಟರಿಯ ತಂತಿಯನ್ನು ಜೋಡಿಸಿ ಪರೀಕ್ಷಿಸಿದ ಮೇಲೆಯೇ ಹೊದಿಕೆಯನ್ನು ಮುಚ್ಚತಕ್ಕದ್ದು. ಬಂಪರನ್ನೇ ಬಿಚ್ಚಬೇಕಾದಂಥ ಗಾಡಿಯಾದರೆ ಕೆಲಸವನ್ನು ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಲೇಸು.

ಪಂಪಿನ ಆಯುಸ್ಸು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಬಯಲುಸೀಮೆಯ ಕೊಳವೆಬಾವಿಗಳ ಗಡುಸು ನೀರು ರಂಧ್ರಗಳಲ್ಲಿ ಸುಣ್ಣ ಕಟ್ಟುವುದು. ಶುದ್ಧೀಕರಿಸಿದ ನೀರನ್ನೋ, ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ದ್ರವವನ್ನೋ ಬಳಸಬೇಕು. ಆ ದ್ರವವು ವಿಷವಾಗಿರಬಹುದಾದ್ದರಿಂದ ಮಕ್ಕಳ ಕೈಗೆ ಸಿಗಬಾರದು. ಖಾಲಿ ತೊಟ್ಟಿಯಲ್ಲಿ ಪಂಪನ್ನು ನಡೆಸಕೂಡದು. ಅದನ್ನು ತಂಪಾಗಿಡುವುದೂ ಆ ನೀರೇ. ತಿಂಗಳಿಗೊಮ್ಮೆ, ಊರಿಗೆ ಹೊರಡುವ ಮುನ್ನ ತಪ್ಪದೆ, ಸನ್ನೆಯನ್ನೆಳೆದು ನೋಡಿರಿ. ನೀರಿಲ್ಲವೆಂಬುದು ಮನೆಯ ಅಂಗಳದಲ್ಲಿ ತಿಳಿದರೆ ಅರ್ಧ ದಿನದ ಕೆಲಸ. ಕೆಸರು ಎರಚಿದ ಮೇಲೆ ತಿಳಿದರೆ ಗಾಡಿಯೊಳಗಿರುವ ಎಲ್ಲರ ಪ್ರಾಣದ ಪ್ರಶ್ನೆ.