ಉಪಾಧ್ಯಾಯ ವೃತ್ತಿಯನ್ನು ಹಿಡಿಯಬೇಕೇ?

ಪದವಿ ಪಡೆದ ಮಗನೋ ಮಗಳೋ ಉಪಾಧ್ಯಾಯ ವೃತ್ತಿಯನ್ನು ಹಿಡಿಯುವೆನೆಂದಾಗ ಹಿರಿಯರು ಮೊದಲು ಕೇಳುವುದು ಸಂಬಳವನ್ನು. ಕೇಳುವುದು ತಪ್ಪಲ್ಲ. ಆದರೆ ಅದಕ್ಕೂ ಮುನ್ನ ಕೇಳತಕ್ಕ ಪ್ರಶ್ನೆಯೊಂದುಂಟು: ಯಾವ ತರಗತಿಗೆ ಉಪಾಧ್ಯಾಯರು? ಒಂದರಿಂದ ಐದನೆಯ ತರಗತಿಯವರೆಗೆ ಕಲಿಸಲು ಬಿ.ಎಡ್. ಪದವಿಯು ಅರ್ಹತೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಎಳೆಯರಿಗೆ ಕಲಿಸುವ ವಿದ್ಯೆಯೇ ಬೇರೆಯೆಂಬ ಈ ಮಾತು ನಮಗೂ ಸರಿಯೆನಿಸುತ್ತದೆ. ಆದರೆ ಇದನ್ನರಿಯದೆ ಎರಡು ವರ್ಷಗಳನ್ನೂ ತಂದೆಯ ಹಣವನ್ನೂ ವ್ಯಯಮಾಡಿದವರ ಗತಿಯೇನು?

ಬಳಿಕ ಬರುವುದು ಅರ್ಹತಾ ಪರೀಕ್ಷೆ. 150 ಅಂಕಗಳಲ್ಲಿ ಸಾಮಾನ್ಯ ವರ್ಗದವರು 90 ಪಡೆಯಬೇಕು. ಪಡೆದರೂ ಅದು ಹುದ್ದೆಯಲ್ಲ, ಹುದ್ದೆಗೆ ಅರ್ಜಿ ಹಾಕುವ ಯೋಗ್ಯತೆ ಮಾತ್ರ. ನೇಮಕಾತಿಯ ಪ್ರಕಟಣೆಗಾಗಿ ಕಾಯುತ್ತ ಅತಿಥಿ ಶಿಕ್ಷಕರಾಗಿ ಸವೆಯುವವರು ಎಷ್ಟೋ ಮಂದಿ. ಹೆಸರೇನೋ ಅತಿಥಿ, ಶಾಲೆಯ ವರ್ಷವು ಮುಗಿದೊಡನೆ ಕೆಲಸವೂ ಮುಗಿಯುತ್ತದೆ.

ಇನ್ನು ಕೆಲಸದ ಬಗೆ. ನಮ್ಮ ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತಿರುತ್ತಾರೆ. ಒಬ್ಬನು ಅಕ್ಷರ ತಿದ್ದುವಾಗ ಇನ್ನೊಬ್ಬಳು ಕಥೆ ಓದುತ್ತಿರುತ್ತಾಳೆ. ಇದರ ಜೊತೆಗೆ ಬಿಸಿಯೂಟದ ಲೆಕ್ಕ, ಚುನಾವಣೆ, ಜನಗಣತಿ. 2025ರ ದಸರೆಯ ರಜೆಯಲ್ಲಿ ಉಪಾಧ್ಯಾಯರು ಸಮೀಕ್ಷೆಗಾಗಿ ಮನೆಮನೆ ತಿರುಗಿದುದನ್ನು ಅಧಿಕಾರಿಗಳು ಬಲ್ಲರು. ಆದುದರಿಂದ ಕಾಲೇಜಿಗೆ ಶುಲ್ಕ ಕಟ್ಟುವ ಮೊದಲು ತರುಣರು ಅಂತಹ ಕೊಠಡಿಯೊಂದರಲ್ಲಿ ಒಂದು ವಾರ ಕುಳಿತು ನೋಡಲಿ. ಮಧ್ಯಾಹ್ನ ಮೂರು ಗಂಟೆಯ ಗದ್ದಲವನ್ನು ಕಂಡ ಮೇಲೂ ಮರುದಿನ ಬರಬೇಕೆನಿಸಿದರೆ, ಸಂಬಳದ ಮಾತನ್ನು ಆಮೇಲೆ ಆಡಬಹುದು.