ನದಿಯ ಮೀನೂ ಮನೆಯ ಮರಳೂ

ತರೀಕೆರೆ, ಕಡೂರು, ಅಜ್ಜಂಪುರಗಳ ನಮ್ಮ ಮನೆತನಗಳಲ್ಲಿ ಮೀನಿನ ಮಾತು ಬರುವುದೇ ಅಪರೂಪ. ತಿನ್ನದವರಿಗೆ ಅದರ ಚಿಂತೆಯೇಕೆಂದು ವಾಚಕರು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು.

ಮುಂಗಾರಿನ ಕೆಂಪುನೀರು ಹರಿದೊಡನೆ ಮಲೆನಾಡಿನ ಹೊಳೆಹಳ್ಳಗಳಲ್ಲಿ ಮೀನುಗಳು ಸೆಳವಿಗೆ ಎದುರಾಗಿ ಮೇಲೇರುತ್ತವೆ. ಇವನ್ನೇ ‘ಹತ್ತುಮೀನು’ ಎನ್ನುವರು. ಅವು ಏರುವುದು ಮೊಟ್ಟೆಯಿಡುವುದಕ್ಕಾಗಿ. ಆದರೆ ಜನರು ರಾಶಿಯಾಗಿ ಹಿಡಿಯುವುದೂ ಆಗಲೇ. ಇದಕ್ಕೆ ಪ್ರತಿಯಾಗಿ ಭಕ್ತಿಯ ಕಾವಲೂ ನಮ್ಮಲ್ಲುಂಟು. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ದೇವಸ್ಥಾನದೆದುರಿನ ಮೀನುಗಳನ್ನು ಯಾರೂ ಮುಟ್ಟರು. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ನೀರಿಗೆ ವಿಷವಿಕ್ಕಿದಾಗ ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೇ ಎದ್ದಿತು. ಆದರೆ ಭಕ್ತಿ ಕಾಯುವುದು ಮಡುವನ್ನು; ಮೀನಿಗೆ ಬೇಕಾದದ್ದು ಇಡೀ ಹೊಳೆ.

ಈ ಮಾತನ್ನು ಕೃತಿಯಲ್ಲಿ ತೋರಿದವರು ದೂರದ ಅಮೆರಿಕೆಯ ಕ್ಲಾಮತ್ ನದಿಯ ಆದಿವಾಸಿಗಳು. ಯುರೋಕ್, ಕರೂಕ್ ಮೊದಲಾದ ಆ ಜನರಿಗೆ ಸಾಲ್ಮನ್ ಮೀನು ಅನ್ನವೂ ಹೌದು, ಪೂಜ್ಯವೂ ಹೌದು. ಅದು ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದೆಡೆಗೆ ಮರಳುತ್ತದೆ. ಅದರ ಬಳಗದ ಸ್ಟೀಲ್‌ಹೆಡ್ ಮೀನಿನ ನಡೆಯೂ ಹೀಗೆಯೇ. ವಿದ್ಯುತ್ತಿಗೆಂದು ಕಟ್ಟಿದ ನಾಲ್ಕು ಅಣೆಕಟ್ಟುಗಳು ಆ ಹಾದಿಯನ್ನು ಮುಚ್ಚಿದ್ದವು. 2002ರ ಸೆಪ್ಟೆಂಬರಿನಲ್ಲಿ, ನೀರು ಕುಗ್ಗಿ ಬೆಚ್ಚಗಾಗಿ ರೋಗ ಹರಡಿ, 30,000ಕ್ಕೂ ಮಿಕ್ಕಿ ಮೀನುಗಳು ದಡದಲ್ಲಿ ಸತ್ತು ಬಿದ್ದವು. ಅಂದಿನಿಂದ ಅವರು ಎರಡು ದಶಕ ಹೋರಾಡಿದರು. 2024ರ ಹೊತ್ತಿಗೆ ನಾಲ್ಕೂ ಕಟ್ಟೆಗಳು ತೆರವಾದವು. ಬರಿದಾದ ಜಲಾಶಯದ ಕೆಸರಿನಲ್ಲಿ ಅವರೇ ನಾಡಬೀಜಗಳನ್ನು ಆಯ್ದು ಬಿತ್ತಿದರು. ಅದೇ ಅಕ್ಟೋಬರಿನಲ್ಲಿ, ನೂರು ವರ್ಷಗಳಿಗೂ ಮೀರಿದ ಅಗಲಿಕೆಯ ಬಳಿಕ, ಸಾಲ್ಮನ್ ಮೇಲ್ಹೊಳೆಯಲ್ಲಿ ಕಾಣಿಸಿಕೊಂಡಿತು.

ಲಕ್ಕವಳ್ಳಿಯ ಭದ್ರಾ ಕಟ್ಟೆಯನ್ನೂ ಒಡೆಯಿರೆಂದು ನಾವು ಹೇಳುತ್ತಿಲ್ಲ. ಅದರ ನೀರನ್ನು ನಂಬಿದ ಗದ್ದೆ ತೋಟಗಳು ಎಷ್ಟೋ. ಕಟ್ಟೆಯ ಮೇಲಣ ಭದ್ರೆ, ಸೋಮವಾಹಿನಿ, ಅವಕ್ಕೆ ಸೇರುವ ಹಳ್ಳಗಳು ಇವಾದರೂ ಉಳಿಯಬೇಡವೆ? ತಿಳಿನೀರಿನ ಕಲ್ಲುಹರಳು, ಮರಳುಗಳೇ ಅನೇಕ ಮೀನುಗಳ ಹೆರಿಗೆಮನೆ. ಮೀನು ತಿನ್ನದ ನಾವು ಆ ಹೆರಿಗೆಮನೆಯನ್ನೇ ಲಾರಿಯಲ್ಲಿ ತುಂಬಿ ತಂದು ಗೋಡೆ ಕಟ್ಟಿದ್ದೇವೆ. ತೋಟಕ್ಕೆ ಹೊಡೆದ ಔಷಧಿಯನ್ನು ಮಳೆಯೊಡನೆ ಹಳ್ಳಕ್ಕೆ ಬಿಟ್ಟಿದ್ದೇವೆ. ನಮ್ಮ ಸ್ವಂತ ಮನೆಯೂ ಹೊಳೆಮರಳಿನದೇ. ಅಂದು ಲಾರಿಯವನನ್ನು ಎಲ್ಲಿಯದೆಂದು ಕೇಳಲೂ ಇಲ್ಲ.

ಈಚೆಗೆ ಹಿತ್ತಲಿನ ಗೋಡೆ ಕುಸಿಯಿತು. ಈ ಸಲ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ತರಿಸಿದೆವು. ಗಾರೆ ಕೈಗೆ ಹದವಾಗಿ ಬರುವುದಿಲ್ಲವೆಂದು ಮೇಸ್ತ್ರಿ ಎರಡು ದಿನ ಗೊಣಗಿದ. ಗೋಡೆ ಎದ್ದು ಒಂದು ಮಳೆಗಾಲ ಕಳೆದಿದೆ.