ಮಣ್ಣಿನ ಕೋಟೆಯನ್ನು ಅರಸುತ್ತ

ಜಪಾನಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಕಳೆದ ಬೇಸಿಗೆಯಲ್ಲಿ ತಿಪಟೂರಿಗೆ ಬಂದಿದ್ದಾಗ, ಹಿಮೇಜಿ ಎಂಬ ಊರಿನ ಕೋಟೆಯ ಚಿತ್ರಗಳನ್ನು ನನ್ನ ಮುಂದೆ ಹರಡಿದ. ಎತ್ತರವಾದ ಕಲ್ಲಿನ ಬುಡ, ಅದರ ಮೇಲೆ ಸುಣ್ಣದ ಗಾರೆ ಬಳಿದ ಬೆಳ್ಳನೆಯ ಗೋಡೆಗಳು, ಒಂದರ ಮೇಲೊಂದು ಹೆಂಚಿನ ಸೂರುಗಳು. 1609ರಲ್ಲಿ ಇಂದಿನ ರೂಪಕ್ಕೆ ಬಂದ ಕಟ್ಟಡ. ಅದರ ಚೆಲುವಿಗಿಂತಲೂ ನನ್ನನ್ನು ಬೆರಗುಗೊಳಿಸಿದ್ದು, ಒಳಗಿರುವುದೆಲ್ಲ ಮರವೆಂಬ ಮಾತು.

"ಮರದ ಕೋಟೆ ನಾನೂರು ವರ್ಷ ಹೇಗಯ್ಯ ನಿಂತಿತು?" ಎಂದೆ.

"ತಾನಾಗಿ ನಿಂತಿಲ್ಲ ಮಾವ, ನಿಲ್ಲಿಸಿಕೊಂಡು ಬಂದಿದ್ದಾರೆ" ಎಂದ.

1945ರ ಬಾಂಬುದಾಳಿಯಲ್ಲಿ ಸುತ್ತಣ ಊರು ಸುಟ್ಟುಹೋದರೂ ಕೋಟೆ ಉಳಿಯಿತು. 1956ರಿಂದ 1964ರವರೆಗೆ ಅದರ ಮುಖ್ಯ ಗೋಪುರವನ್ನು ಬಿಚ್ಚಿ, ಕೆಟ್ಟ ಮರವನ್ನು ಬದಲಿಸಿ, ಮತ್ತೆ ಜೋಡಿಸಿದರು. 2009ರಿಂದ 2015ರವರೆಗೆ ಹೆಂಚು, ಗಾರೆಗಳ ಸರದಿ. ಇಷ್ಟು ಹೇಳಿ ಅವನು, "ನಮ್ಮ ತೆಂಗಿನ ಸೀಮೆಯಲ್ಲಿ ಕೋಟೆಯೇ ಇರಲಿಲ್ಲವೇ?" ಎಂದು ಕೇಳಿದ.

ಇತ್ತು. ಟಿಪ್ಪುಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯನ್ನು ಮಣ್ಣಿನ ಗೋಡೆಗಳಿಂದ ಭದ್ರವಾದ, ಚೌಕಾಕಾರದ ದೊಡ್ಡ ಊರೆಂದು ವರ್ಣಿಸಿದ್ದಾನೆ. ನಡುವೆ ಅದೇ ಬಗೆಯ ಇನ್ನೊಂದು ಒಳಕೋಟೆ. ಹೊರಕೋಟೆಯೊಳಗೆ ಊರನ್ನು ಬಳಸಿ ಬರುವ ಅಗಲವಾದ ಬೀದಿ. ಮನೆಗಳು ಮಾತ್ರ ಪಾಳುಬಿದ್ದಿದ್ದವು. ಅದಕ್ಕೆ ಕಾರಣವೂ ಉಂಟು: 1791ರಲ್ಲಿ ಪರಶುರಾಮಭಾವುವಿನ ಮರಾಠಾ ಸೈನ್ಯ ಈ ಊರನ್ನು ಸೂರೆಮಾಡಿತ್ತು.

ಮರುದಿನ ಬೆಳಗ್ಗೆ ಇಬ್ಬರೂ ಚಿಕ್ಕನಾಯಕನಹಳ್ಳಿಗೆ ಹೋದೆವು. ಹಾಗಲವಾಡಿಯ ಪಾಳೆಯಗಾರರ ವಂಶದ ಚಿಕ್ಕನಾಯಕನಿಂದ ಊರಿಗೆ ಈ ಹೆಸರು ಬಂದಿತೆನ್ನುತ್ತಾರೆ. ಬೀದಿಬೀದಿ ಅಲೆದರೂ ಬುಕಾನನ್ ಕಂಡ ಚೌಕ ನಮ್ಮ ಕಣ್ಣಿಗೆ ಬೀಳಲಿಲ್ಲ. ಅಳಿಯನ ಮುಖ ಸಪ್ಪಗಾಯಿತು.

ಮಣ್ಣಿನ ಕೋಟೆಯೆಂದರೆ ಹಗುರವಾಗಿ ಕಾಣಬೇಕಾಗಿಲ್ಲ. ಫಿರಂಗಿಯ ಗುಂಡು ಬಡಿದರೆ ಕಲ್ಲು ಸಿಡಿಯುತ್ತದೆ, ದಪ್ಪನೆಯ ಮಣ್ಣು ಅದನ್ನು ನುಂಗಿಕೊಳ್ಳುತ್ತದೆ. ಅದರ ನಿಜವಾದ ಶತ್ರು ಮುಂಗಾರು. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲಕ್ಕೆ ಮುನ್ನ ಮೇಲೆ ಚೌಳುಮಣ್ಣು ಹರಡದಿದ್ದರೆ ಸೋರುವುದು ಖಂಡಿತ. ಕಾಯುವ ನಾಯಕನೂ ಕೂಲಿ ಕೊಡುವ ಸರಕಾರವೂ ಇಲ್ಲದಾದ ಮೇಲೆ ಕೋಟೆಯ ಗೋಡೆಗೆ ಮಣ್ಣು ಮೆತ್ತುವವರು ಯಾರು? ಹಳೆಯ ಗೋಡೆಯ ಹಾಳುಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ರೂಢಿ. ಹಾಗಾದರೆ ಆ ಬುರುಜುಗಳಲ್ಲಿ ಒಂದೆರಡು ತೆಂಗಿನ ತೋಟಗಳ ಪಾತಿಗೆ ಸೇರಿರಬಹುದೆಂದು ನನ್ನ ಊಹೆ. ನನಗಂತೂ ಈ ಊಹೆಯಿಂದ ದುಃಖವಾಗಲಿಲ್ಲ. ಅಳಿಯ ಒಪ್ಪಲಿಲ್ಲ. "ಕೋಟೆ ತೋಟವಾಗಲಿ ಮಾವ, ಆದರೆ ಇಲ್ಲಿತ್ತೆಂದು ಒಂದು ಕಲ್ಲಾದರೂ ಬೇಡವೇ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವನನ್ನು ಸಮಾಧಾನಪಡಿಸಲು ತುರುವೇಕೆರೆಗೆ ಕರೆದೊಯ್ದೆ. ಹೊಯ್ಸಳರ ಕಾಲದ, 13ನೆಯ ಶತಮಾನದ ಮೂಲೆ ಶಂಕರೇಶ್ವರ ಗುಡಿ ಅಲ್ಲಿ ಇನ್ನೂ ನಿಂತಿದೆ. ಕಲ್ಲು ಗಟ್ಟಿಯೆಂಬುದು ಅರ್ಧ ಮಾತು. ದೀಪ ಹಚ್ಚಲು ಬರುವ ಕೈಗಳಿದ್ದುವೆಂಬುದು ಉಳಿದರ್ಧ.

ಮನೆಗೆ ಮರಳುವಾಗ ಸಂಜೆಯಾಗಿತ್ತು. ಕೊಬ್ಬರಿಗೆಂದು ವರ್ಷದ ಕಾಯಿ ಕೂಡಿಟ್ಟಿದ್ದ ಅಟ್ಟಕ್ಕೆ ಅಳಿಯ ಏಣಿ ಹಾಕಿ ಹತ್ತಿದ. ಒಂದು ಕಾಯಿಯನ್ನು ಕಿವಿಯ ಬಳಿ ಅಲುಗಿಸಿದ. ಒಳಗೆ ಗಿಟುಕು ಲೊಡಲೊಡನೆ ಆಡಿತು. ಆಮೇಲೆ ತಲೆಯೆತ್ತಿ, "ಇಲ್ಲಿ ಮೂರು ಹೆಂಚು ಒಡೆದಿವೆ ಮಾವ, ಬೆಳಕು ಬೀಳುತ್ತಿದೆ" ಎಂದು ಕೂಗಿದ.

ಹೆಂಚು ಕೈಯಾಡಿಸುವವನಿಗೆ ಹೇಳಿ ಕಳುಹಿಸಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ.